ಕಣ್ಣಿಗೆ ಕಾಣದ ಸೋಂಕು: ದಾಳಿಂಬೆ ಸಸಿ ಪೂರೈಕೆಗೆ ಮುನ್ನ ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ವಿಷಯಗಳು

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ಸಣ್ಣ ಮತ್ತು ಅತಿಸಣ್ಣ ರೈತರ ಜಮೀನಿನಲ್ಲಿ ಹಣ್ಣಿನ ತೋಟ ನಿರ್ಮಿಸುವ ಕಾಮಗಾರಿಗಳು ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರುತ್ತವೆ. ಫಲಾನುಭವಿಗಳ ಆಯ್ಕೆ, ಗುಂಡಿಯ ಅಳತೆ, ಕೂಲಿ ಪಾವತಿ ಮತ್ತು ಸಸಿಗಳ ಎಣಿಕೆ ಇವೆಲ್ಲವೂ ಸಭೆಯ ಚರ್ಚೆಗೆ ಬರುತ್ತವೆ. ಸಸಿಯ ಆರೋಗ್ಯದ ಪ್ರಶ್ನೆ ಮಾತ್ರ ಬಹುಮಟ್ಟಿಗೆ ಪೂರೈಕೆದಾರರ ಮಾತಿಗೆ ಮತ್ತು ನೋಡುವವರ ಕಣ್ಣಿಗೆ ಬಿಟ್ಟುಹೋಗುತ್ತದೆ. ಕೆಲವು ರೋಗಗಳ ವಿಷಯದಲ್ಲಿ ಈ ಎರಡೂ ಸಾಲವು. ಅದು ಏಕೆಂಬುದನ್ನು ದಾಳಿಂಬೆಯ ದುಂಡಾಣು ಅಂಗಮಾರಿ ರೋಗದ ಉದಾಹರಣೆಯಿಂದ ವಿವರಿಸುವುದು ಮತ್ತು ಪಂಚಾಯಿತಿಯು ತನ್ನ ಅಧಿಕಾರದ ವ್ಯಾಪ್ತಿಯಲ್ಲೇ ಕೈಗೊಳ್ಳಬಹುದಾದ ಕ್ರಮಗಳನ್ನು ತಿಳಿಸುವುದು ಈ ಪಾಠದ ಉದ್ದೇಶವಾಗಿದೆ.

1. ರೋಗದ ಪರಿಚಯ

ವಿಜಯಪುರ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಒಣಭೂಮಿಯಲ್ಲಿ ದಾಳಿಂಬೆಯು ಕಡಿಮೆ ನೀರಿನಲ್ಲಿ ಹೆಚ್ಚು ಆದಾಯ ಕೊಡುವ ಬೆಳೆಯೆಂದು ಹೆಸರಾಗಿದೆ. ಈ ಬೆಳೆಯ ಅತಿ ದೊಡ್ಡ ಶತ್ರು ದುಂಡಾಣು ಅಂಗಮಾರಿ ರೋಗ. ಮಹಾರಾಷ್ಟ್ರದಲ್ಲಿ ಇದನ್ನು ‘ತೇಲ್ಯಾ’ ಎನ್ನುತ್ತಾರೆ. ಎಲೆಯ ಮೇಲೆ ಎಣ್ಣೆಯ ಹನಿ ಬಿದ್ದಂತೆ ಕಾಣುವ ಚುಕ್ಕೆಯೇ ಆ ಹೆಸರಿಗೆ ಕಾರಣ.

ಕ್ಸಾಂಥೊಮೊನಾಸ್ ಎಂಬ ಗುಂಪಿಗೆ ಸೇರಿದ ದುಂಡಾಣು ಈ ರೋಗಕ್ಕೆ ಕಾರಣ. ಇದು ಎಷ್ಟು ಸೂಕ್ಷ್ಮವೆಂದರೆ ಒಂದು ಮಿಲಿಮೀಟರ್ ಉದ್ದದಲ್ಲಿ ನೂರಾರು ದುಂಡಾಣುಗಳನ್ನು ಸಾಲಾಗಿ ಇಡಬಹುದು. ಎಲೆಯ ಉಸಿರಾಟದ ರಂಧ್ರಗಳ ಮೂಲಕ, ಚಾಟನಿಯ ಗಾಯಗಳ ಮೂಲಕ, ಮುಳ್ಳು ತರಚಿದ ಮತ್ತು ಕೀಟ ಕಚ್ಚಿದ ಜಾಗಗಳ ಮೂಲಕ ಅದು ಗಿಡದೊಳಗೆ ಸೇರುತ್ತದೆ. ಗಾಳಿ ಸಹಿತ ಮಳೆಯ ತುಂತುರು ಅದನ್ನು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ.

ರೋಗ ಹೊರಬಿದ್ದ ಮೇಲೆ ಅದನ್ನು ಗುರುತಿಸುವುದು ಕಷ್ಟವಲ್ಲ. ಎಲೆಯ ಮೇಲೆ ನೀರುಂಡಂತಹ ಸಣ್ಣ ಚುಕ್ಕೆಗಳು ಮೂಡಿ ಕ್ರಮೇಣ ಕಂದುಗಪ್ಪಾಗುತ್ತವೆ. ಸುತ್ತಲೂ ಹಳದಿ ಅಂಚು ಇರಬಹುದು. ಕೊಂಬೆಯ ಗೆಣ್ಣುಗಳಲ್ಲಿ ಕಪ್ಪು ಮಚ್ಚೆಗಳೆದ್ದು ತೊಗಟೆ ಸೀಳುತ್ತದೆ. ಮಚ್ಚೆ ಕೊಂಬೆಯನ್ನು ಸುತ್ತುವರಿದರೆ ಕೊಂಬೆ ಅಲ್ಲಿಗೇ ಮುರಿಯುತ್ತದೆ. ಹಣ್ಣಿನ ಮೇಲೆ ಕಪ್ಪು ಕಲೆಗಳು ಕಾಣಿಸಿಕೊಂಡು ಸಿಪ್ಪೆ ಬಿರಿಯುತ್ತದೆ. ಬಿರಿದ ಹಣ್ಣಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1952ರಲ್ಲಿ, ದೆಹಲಿಯಲ್ಲಿ. ಹಲವು ದಶಕಗಳ ಕಾಲ ಇದನ್ನು ಅಷ್ಟೇನೂ ಮುಖ್ಯವಲ್ಲದ ರೋಗವೆಂದೇ ಎಣಿಸಲಾಗಿತ್ತು. ದಾಳಿಂಬೆಯ ವಿಸ್ತೀರ್ಣ ಬೆಳೆದಂತೆ, ಒಂದು ಸೀಮೆಯ ಸಸಿ ಇನ್ನೊಂದು ಸೀಮೆಗೆ ಲಾರಿಗಟ್ಟಲೆ ಸಾಗತೊಡಗಿದಂತೆ, ಚಿತ್ರ ಬದಲಾಯಿತು. 2000ದ ದಶಕದಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ದಾಳಿಂಬೆ ಸೀಮೆಗಳಲ್ಲಿ ಅನೇಕ ರೈತರು ಫಸಲಿಗೆ ಬಂದ ಗಿಡಗಳನ್ನೇ ಬುಡಸಮೇತ ಕಿತ್ತು ಹಾಕಬೇಕಾಯಿತು. ಸಾಲ ತೆಗೆದು ಕೊಳವೆಬಾವಿ ತೋಡಿಸಿ, ಹನಿ ನೀರಾವರಿ ಹಾಕಿಸಿ, ಎರಡು ವರ್ಷ ಮಗುವಿನಂತೆ ಸಾಕಿದ ಗಿಡವನ್ನು ತಾನೇ ಕೀಳುವುದು ಯಾವ ರೈತನಿಗೂ ಸುಲಭದ ಕೆಲಸವಲ್ಲ.

2. ಆರೋಗ್ಯವಂತ ಕೊಂಬೆಯೊಳಗಿನ ರೋಗ

ದಾಳಿಂಬೆ ಸಸಿಯನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಸುವುದಿಲ್ಲ. ಬೀಜದ ಗಿಡಗಳು ಒಂದರಂತೆ ಒಂದು ಇರುವುದಿಲ್ಲ. ಆದ್ದರಿಂದ ಗೂಟಿ ಕಟ್ಟುವ ವಿಧಾನ ರೂಢಿಯಲ್ಲಿದೆ. ತಾಯಿಗಿಡದ ಮೇಲೆ ಪೆನ್ಸಿಲ್ ಗಾತ್ರದ ಕೊಂಬೆಯೊಂದನ್ನು ಆರಿಸಿ, ಸುಮಾರು ಒಂದು ಅಂಗುಲ ಅಗಲದಲ್ಲಿ ತೊಗಟೆಯನ್ನು ಉಂಗುರದಂತೆ ತೆಗೆಯುತ್ತಾರೆ. ಆ ಜಾಗಕ್ಕೆ ಬೇರು ಬರಿಸುವ ಚೋದಕ ಹಚ್ಚಿ, ತೇವವಾದ ಪಾಚಿಯನ್ನು ಇಟ್ಟು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟುತ್ತಾರೆ. ಒಂದೂವರೆ ಎರಡು ತಿಂಗಳಲ್ಲಿ ಬೇರು ಬಿಟ್ಟ ಕೊಂಬೆಯನ್ನು ಕತ್ತರಿಸಿ ಚೀಲಕ್ಕೆ ನೆಟ್ಟು, ನೆರಳಿನಲ್ಲಿ ಕೆಲವು ವಾರ ಹದಗೊಳಿಸಿ ಮಾರಾಟಕ್ಕೆ ಇಡುತ್ತಾರೆ.

ಈ ವಿಧಾನದಲ್ಲಿ ಹುಟ್ಟಿದ ಸಸಿ ವಾಸ್ತವವಾಗಿ ಹೊಸ ಗಿಡವಲ್ಲ, ತಾಯಿಗಿಡದ ಒಂದು ತುಂಡು. ತಾಯಿಯ ತಳಿಗುಣ ಹೇಗೆ ಪೂರ್ತಿಯಾಗಿ ಬರುತ್ತದೆಯೋ ತಾಯಿಯ ಸೋಂಕೂ ಹಾಗೆಯೇ ಬರಬಹುದು. ಬೀಜದಿಂದ ಹುಟ್ಟುವ ಬೆಳೆಗಳಲ್ಲಿ ಅನೇಕ ರೋಗಗಳು ಬೀಜದ ಹಂತದಲ್ಲಿ ನಿಂತುಹೋಗುತ್ತವೆ. ಗೂಟಿಯಲ್ಲಿಯೂ ಕಸಿಯಲ್ಲಿಯೂ ಅಂತಹ ತಡೆ ಇಲ್ಲ.

ಇಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾಗಿದೆ. ಗೂಟಿ ಕಟ್ಟಲು ಪ್ರಶಸ್ತ ಕಾಲವೆಂದರೆ ಮಳೆಗಾಲ. ಗಾಳಿಯಲ್ಲಿ ತೇವವಿದ್ದಾಗ ಬೇರು ಚೆನ್ನಾಗಿ ಬರುತ್ತದೆ. ಆ ಬೆಚ್ಚನೆಯ ತೇವವೇ ಈ ದುಂಡಾಣುವಿಗೂ ಪ್ರಿಯ. ತೊಗಟೆ ತೆಗೆಯುವ ಚಾಕು ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ, ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ಹೋಗುತ್ತಿರುತ್ತದೆ. ಪ್ರತಿ ಗೂಟಿಯೂ ಒಂದು ತೆರೆದ ಗಾಯ. ಹೀಗಾಗಿ ಸಸಿ ಹುಟ್ಟುವ ಕಾಲ, ಸೋಂಕು ಹರಡುವ ಕಾಲ ಎರಡೂ ಒಂದೇ ಆಗಿವೆ.

3. ಸುಪ್ತ ಸೋಂಕು ಎಂದರೇನು?

ದುಂಡಾಣು ಗಿಡದೊಳಗೆ ಸೇರಿದ ಕೂಡಲೇ ರೋಗ ಕಾಣಿಸುವುದಿಲ್ಲ. ಹವೆ ಒಣಗಿದ್ದಾಗ ಅದು ಗೆಣ್ಣಿನ ಸಂದಿಯಲ್ಲಿ, ಮೊಗ್ಗಿನ ಪದರಗಳಲ್ಲಿ, ಹಳೆಯ ಮಚ್ಚೆಯ ಅಂಚಿನಲ್ಲಿ ಕಡಿಮೆ ಸಂಖ್ಯೆಯಲ್ಲಿ ಉಳಿದುಕೊಂಡಿರುತ್ತದೆ. ಎಲೆ ಹಸಿರಾಗಿರುತ್ತದೆ, ಚಿಗುರು ಬರುತ್ತಿರುತ್ತದೆ, ಸಸಿ ನೋಡಲು ಸೊಗಸಾಗಿರುತ್ತದೆ. ಈ ಸ್ಥಿತಿಗೆ ಸುಪ್ತ ಸೋಂಕು ಎಂದು ಹೆಸರು. ನೆಟ್ಟ ನಂತರ ಮಳೆ ಬಂದು, ಉಷ್ಣಾಂಶ 25ರಿಂದ 30 ಡಿಗ್ರಿಯ ಆಸುಪಾಸಿನಲ್ಲಿ ನಿಂತು, ಎಲೆಗಳು ತೇವದಲ್ಲಿ ಉಳಿದಾಗ ದುಂಡಾಣುಗಳ ಸಂಖ್ಯೆ ವೇಗವಾಗಿ ಏರುತ್ತದೆ. ಆಗ ಮೊದಲ ಚುಕ್ಕೆ ಮೂಡುತ್ತದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಇದೆ. ಈ ರೋಗದ ಮಟ್ಟಿಗೆ ಆ ಗಾದೆ ನಡೆಯುವುದಿಲ್ಲ. ಸಸಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ‘ಚೆನ್ನಾಗಿದೆ’ ಎಂದು ಬರೆಯುವ ವರದಿಯು ಆ ದಿನದ ಎಲೆಯ ಬಣ್ಣವನ್ನಷ್ಟೇ ಹೇಳುತ್ತದೆ. ಗೆಣ್ಣಿನೊಳಗೆ ಏನಿದೆ ಎಂಬುದನ್ನು ಹೇಳುವುದಿಲ್ಲ. ಚುಕ್ಕೆಯಿರುವ ಸಸಿಯನ್ನು ತಿರಸ್ಕರಿಸಲೇಬೇಕು. ಆದರೆ ಚುಕ್ಕೆ ಇಲ್ಲವೆಂಬುದು ಆರೋಗ್ಯದ ಪುರಾವೆಯಾಗದು.

ನೆಟ್ಟ ಮೇಲೆ ಔಷಧ ಸಿಂಪಡಿಸಿದರಾಯಿತಲ್ಲ ಎಂಬ ಪ್ರಶ್ನೆ ಸಭೆಯಲ್ಲಿ ಬರುವುದು ಸಹಜ. ಬೋರ್ಡೋ ದ್ರಾವಣದಂತಹ ತಾಮ್ರದ ಔಷಧಗಳು ಎಲೆಯ ಮೇಲ್ಮೈಯಲ್ಲಿ ರಕ್ಷಣೆಯ ಪದರವಾಗಿ ನಿಲ್ಲುತ್ತವೆ. ಹೊರಗಿನಿಂದ ಬರುವ ದುಂಡಾಣುವನ್ನು ತಡೆಯುತ್ತವೆ. ಗೆಣ್ಣಿನೊಳಗೆ ಈಗಾಗಲೇ ಇರುವ ದುಂಡಾಣುವನ್ನು ಅವು ಮುಟ್ಟುವುದಿಲ್ಲ. ಒಳಗೆ ನೆಲೆಸಿದ ಸೋಂಕನ್ನು ಪೂರ್ತಿಯಾಗಿ ತೊಡೆದುಹಾಕುವ ಔಷಧ ಇಲ್ಲ. ಹೊಲಕ್ಕೆ ಬಂದ ಮೇಲೆ ರೋಗದೊಂದಿಗೆ ಬದುಕಬೇಕಾಗುತ್ತದೆ. ಹೊಲಕ್ಕೆ ಬರದಂತೆ ತಡೆಯುವ ಅವಕಾಶ ಸಸಿ ಖರೀದಿಯ ಹಂತದಲ್ಲಿ ಮಾತ್ರ ಇರುತ್ತದೆ.

4. ಒಂದು ಸರಳ ಲೆಕ್ಕ

‘ನೂರಕ್ಕೆ ಒಂದೋ ಎರಡೋ ಸಸಿ ಕೆಟ್ಟಿದ್ದರೆ ಏನಾಯಿತು, ಅವನ್ನು ಬದಲಿಸಿದರೆ ಸಾಕು’ ಎಂಬ ಅಭಿಪ್ರಾಯವೂ ಇದೆ. ಇದನ್ನು ಲೆಕ್ಕಹಾಕಿ ನೋಡುವುದು ಒಳ್ಳೆಯದು. ವಿವರಣೆಗಾಗಿ ಒಂದು ಗ್ರಾಮ ಪಂಚಾಯಿತಿಯನ್ನು ಕಲ್ಪಿಸಿಕೊಳ್ಳಬಹುದು.

ಆ ಪಂಚಾಯಿತಿ 16 ರೈತರಿಗೆ ತಲಾ ಒಂದು ಎಕರೆ ದಾಳಿಂಬೆ ತೋಟ ಮಂಜೂರು ಮಾಡಿದೆ. ಸಾಲಿನಿಂದ ಸಾಲಿಗೆ 4.5 ಮೀಟರ್, ಗಿಡದಿಂದ ಗಿಡಕ್ಕೆ 3 ಮೀಟರ್ ಅಂತರವಿಟ್ಟರೆ ಎಕರೆಗೆ ಸುಮಾರು 300 ಸಸಿ ಬೇಕು. ಒಟ್ಟು 4,800 ಸಸಿ. ಪೂರೈಕೆದಾರರು ಅವನ್ನು ಎಂಟು ತಾಯಿತೋಟಗಳಿಂದ ತಲಾ 600ರಂತೆ ತಂದಿದ್ದಾರೆ. ಏಳು ತೋಟಗಳು ಶುದ್ಧ. ಒಂದು ತೋಟದಲ್ಲಿ ಮಾತ್ರ ಸುಪ್ತ ಸೋಂಕಿದ್ದು, ಅದರ 600 ಸಸಿಗಳಲ್ಲಿ 96 ಸೋಂಕಿತ. ಒಟ್ಟು ಸಸಿಗಳಿಗೆ ಹೋಲಿಸಿದರೆ ಇದು ನೂರಕ್ಕೆ ಎರಡು ಮಾತ್ರ.

ಮೊದಲನೆಯ ಸನ್ನಿವೇಶ: ಎಲ್ಲ ಸಸಿಗಳನ್ನು ಪಂಚಾಯಿತಿಯ ಆವರಣದಲ್ಲಿ ಇಳಿಸಿ, ಕಲಸಿ, ರೈತರಿಗೆ ಎಣಿಸಿ ಕೊಡಲಾಗುತ್ತದೆ. ಆಗ ಪ್ರತಿ ರೈತನ ಪಾಲಿಗೆ ಸರಾಸರಿ ಆರು ಸೋಂಕಿತ ಸಸಿಗಳು ಬೀಳುತ್ತವೆ. ಯಾವುದಾದರೂ ಒಂದು ಹೊಲ ಪೂರ್ತಿಯಾಗಿ ಪಾರಾಗುವ ಸಂಭವ ಸಾವಿರಕ್ಕೆ ಎರಡರಷ್ಟು. ಎಂದರೆ ಹದಿನಾರೂ ಹೊಲಗಳಿಗೆ ರೋಗ ತಲುಪಿತೆಂದೇ ತಿಳಿಯಬೇಕು. ಒಂದು ಎಕರೆಗೆ ಆರು ರೋಗಮೂಲಗಳು, ಮೇಲೊಂದು ಗಾಳಿಮಳೆ, ಇಷ್ಟಿದ್ದರೆ ಉಳಿದ 294 ಗಿಡಗಳಿಗೆ ಸೋಂಕು ಹರಡಲು ಬೇರೇನೂ ಬೇಡ.

ಎರಡನೆಯ ಸನ್ನಿವೇಶ: ಪ್ರತಿ ತಾಯಿತೋಟದ ಸಸಿಗಳನ್ನು ಬೇರೆಬೇರೆಯಾಗಿ ಇಳಿಸಿ, ಒಂದು ತೋಟದ 600 ಸಸಿಗಳನ್ನು ಇಬ್ಬರೇ ರೈತರಿಗೆ ಕೊಡಲಾಗುತ್ತದೆ. ಸೋಂಕು ಆಗಲೂ ಇದೆ. ಆದರೆ ಎರಡು ಹೊಲಗಳಿಗೆ ಸೀಮಿತವಾಗಿದೆ. ಮೊದಲ ಚುಕ್ಕೆ ಕಂಡ ದಿನವೇ ಸಸಿ ಯಾವ ತೋಟದಿಂದ ಬಂತೆಂಬುದು ತಿಳಿಯುತ್ತದೆ. ಉಳಿದ ಹದಿನಾಲ್ಕು ರೈತರನ್ನು ಎಚ್ಚರಿಸಲು ಕಾಲಾವಕಾಶ ದೊರೆಯುತ್ತದೆ. ಈ ಎರಡು ಸನ್ನಿವೇಶಗಳ ನಡುವಿನ ವ್ಯತ್ಯಾಸಕ್ಕೆ ಪಂಚಾಯಿತಿ ವೆಚ್ಚ ಮಾಡಬೇಕಾದದ್ದು ಎಂಟು ಫಲಕ ಮತ್ತು ಒಂದು ವಹಿ.

ಪ್ರಯೋಗಾಲಯ ಪರೀಕ್ಷೆಯ ಮಾದರಿಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಕಲಸಿದ 4,800 ಸಸಿಗಳಿಂದ 30 ಸಸಿಗಳನ್ನು ಆರಿಸಿ ಪರೀಕ್ಷಿಸಿದರೆ, ಅವುಗಳಲ್ಲಿ ಒಂದೂ ಸೋಂಕಿತ ಸಸಿ ಸಿಗದಿರುವ ಸಂಭವ ನೂರಕ್ಕೆ 54ರಷ್ಟು. ಅಂತಹ ‘ರೋಗವಿಲ್ಲ’ ವರದಿಯನ್ನು ನಂಬಲಾಗದು. ನೂರಕ್ಕೆ 95ರಷ್ಟು ಖಚಿತತೆ ಬೇಕಾದರೆ ಸುಮಾರು 150 ಸಸಿಗಳನ್ನು ಪರೀಕ್ಷಿಸಬೇಕು. ಅದೇ ಶ್ರಮವನ್ನು ತೋಟವಾರು ಹಂಚಿ, ಪ್ರತಿ ತೋಟದಿಂದ 18ರಂತೆ 144 ಸಸಿಗಳನ್ನು ಪರೀಕ್ಷಿಸಿದರೆ, ರೋಗ ಸಿಕ್ಕುವುದಲ್ಲದೆ ಅದು ಯಾವ ತೋಟದ್ದೆಂಬುದೂ ತಿಳಿಯುತ್ತದೆ. ಆ 600 ಸಸಿಗಳನ್ನು ಹಿಂದಿರುಗಿಸಿ, ಉಳಿದ 4,200ನ್ನು ಸ್ವೀಕರಿಸಬಹುದು.

ಬೆಲೆಯ ಮಾತೂ ಇಲ್ಲಿಯೇ ಬರುತ್ತದೆ. ಸಸಿಯೊಂದಕ್ಕೆ ಐದು ರೂಪಾಯಿ ಕಡಿಮೆ ದರ ಬಂದಿತೆಂದರೆ 4,800 ಸಸಿಗಳಿಗೆ 24,000 ರೂಪಾಯಿ ಉಳಿಯುತ್ತದೆ. ದರಪಟ್ಟಿಯಲ್ಲಿ ಅದು ಎದ್ದು ಕಾಣುತ್ತದೆ. ಮೂರನೆಯ ವರ್ಷ ಹದಿನಾರು ಕುಟುಂಬಗಳು ಕಳೆದುಕೊಳ್ಳುವ ಫಸಲು ಯಾವ ದರಪಟ್ಟಿಯಲ್ಲಿಯೂ ಕಾಣುವುದಿಲ್ಲ.

5. ಕಡತದಲ್ಲಿ ಯಶಸ್ಸು, ಹೊಲದಲ್ಲಿ ಸೋಲು

ತೋಟಗಾರಿಕೆ ಕಾಮಗಾರಿಯ ಯಶಸ್ಸನ್ನು ಸಾಮಾನ್ಯವಾಗಿ ಬದುಕುಳಿದ ಸಸಿಗಳ ಸಂಖ್ಯೆಯಿಂದ ಅಳೆಯಲಾಗುತ್ತದೆ. ಸುಪ್ತ ಸೋಂಕಿರುವ ಸಸಿ ಒಣಗುವುದಿಲ್ಲ. ಅದು ಛಾಯಾಚಿತ್ರದಲ್ಲಿ ಹಸಿರಾಗಿಯೇ ಬರುತ್ತದೆ, ಎಣಿಕೆಯಲ್ಲಿ ಜೀವಂತ ಸಸಿಯಾಗಿಯೇ ಸೇರುತ್ತದೆ. ಪೂರೈಕೆದಾರರಿಗೆ ಹಣ ಸಂದಾಯವಾಗಿರುತ್ತದೆ, ಕೂಲಿ ಪಾವತಿಯಾಗಿರುತ್ತದೆ, ಕಡತ ಮುಕ್ತಾಯವಾಗಿರುತ್ತದೆ. ಫಸಲು ಬರುವ ಹೊತ್ತಿಗೆ ರೋಗ ಹೊರಬೀಳುತ್ತದೆ. ಆಗ ರೈತ ಯಾರನ್ನು ಕೇಳಬೇಕು? ಸಸಿ ಎಲ್ಲಿಂದ ಬಂತೆಂಬ ದಾಖಲೆಯೇ ಇಲ್ಲದಿದ್ದರೆ ನರ್ಸರಿ ಹೊಲದ ಮೇಲೆ, ಹೊಲ ಹವಾಮಾನದ ಮೇಲೆ ಹೊಣೆ ಹೊರಿಸಿ ವಿಷಯ ಮುಗಿಯುತ್ತದೆ. ಸಾಲ ಮಾತ್ರ ರೈತನ ಹೆಸರಿನಲ್ಲಿ ಉಳಿಯುತ್ತದೆ.

ನೆರೆಹೊರೆಯ ಹಾನಿಯೂ ಇದರಲ್ಲಿ ಸೇರಿದೆ. ಪಂಚಾಯಿತಿ ಕೊಟ್ಟ ಸಸಿಯಿಂದ ಬಂದ ರೋಗ, ತನ್ನ ಸ್ವಂತ ದುಡ್ಡಿನಲ್ಲಿ ಶುದ್ಧ ಸಸಿ ತಂದು ನೆಟ್ಟ ಪಕ್ಕದ ರೈತನ ಬದುವನ್ನೂ ದಾಟುತ್ತದೆ. ಸಾರ್ವಜನಿಕ ಹಣದಿಂದ ಸಾರ್ವಜನಿಕರಿಗೇ ನಷ್ಟ ಹಂಚಿದಂತಾಗುತ್ತದೆ.

6. ಇತರ ಬೆಳೆಗಳ ಮತ್ತು ದೇಶಗಳ ಅನುಭವ

ಕಾಣದ ದುಂಡಾಣು ಸಸಿಯ ಮೂಲಕ ಸಾಗುವುದು ದಾಳಿಂಬೆಗೆ ಮಾತ್ರ ಸೀಮಿತವಲ್ಲ. ಕಿತ್ತಳೆ, ಮೋಸಂಬಿ, ನಿಂಬೆ ಜಾತಿಯ ಗಿಡಗಳನ್ನು ಕಾಡುವ ಗ್ರೀನಿಂಗ್ ರೋಗವೂ ದುಂಡಾಣುವಿನದೇ. ಅದು ಗಿಡದ ಆಹಾರ ಸಾಗಿಸುವ ನಾಳಗಳಲ್ಲಿ ವಾಸಿಸುತ್ತದೆ. ಸೋಂಕಿತ ಮರದಿಂದ ತೆಗೆದ ಕಸಿಕಣ್ಣಿನ ಮೂಲಕ ಮತ್ತು ಸಿಲ್ಲಾ ಎಂಬ ಸಣ್ಣ ಕೀಟದ ಮೂಲಕ ಹರಡುತ್ತದೆ. ಸೋಂಕು ತಗುಲಿ ಲಕ್ಷಣ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಕೊಡಗಿನ ಕಿತ್ತಳೆಯ ಅವನತಿಗೆ ತಜ್ಞರು ಗುರುತಿಸಿದ ಹಲವು ಕಾರಣಗಳಲ್ಲಿ ಇದೂ ಒಂದು. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಈ ರೋಗ 2005ರಲ್ಲಿ ಪತ್ತೆಯಾಯಿತು. ಅದಕ್ಕೆ ಮುನ್ನ 2003-04ರ ಹಂಗಾಮಿನಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ಆ ರಾಜ್ಯ, 2022-23ರಲ್ಲಿ ಬೆಳೆದದ್ದು 1.6 ಕೋಟಿ ಪೆಟ್ಟಿಗೆಯಷ್ಟು. ಚಂಡಮಾರುತಗಳ ಹಾನಿಯೂ ಇದರಲ್ಲಿ ಸೇರಿದೆಯಾದರೂ ಮುಖ್ಯ ಕಾರಣ ಈ ರೋಗವೇ.

ಇದಕ್ಕೆ ಪ್ರತಿಯಾದ ಉದಾಹರಣೆ ಬ್ರೆಜಿಲ್ ದೇಶದ ಸಾವೊ ಪೌಲೊ ರಾಜ್ಯದ್ದು. ಅಲ್ಲಿ 1987ರಲ್ಲಿ ಕಿತ್ತಳೆ ಮರಗಳಲ್ಲಿ ಹೊಸ ರೋಗವೊಂದು ಕಂಡುಬಂತು. ನೀರು ಸಾಗಿಸುವ ನಾಳಗಳಲ್ಲಿ ಸೇರುವ ಜೈಲೆಲ್ಲಾ ಎಂಬ ದುಂಡಾಣು ಅದಕ್ಕೆ ಕಾರಣವೆಂದೂ, ಬಯಲಿನಲ್ಲಿ ಬೆಳೆಸಿದ ನರ್ಸರಿ ಸಸಿಗಳ ಮೂಲಕ ಅದು ದೂರದ ತೋಟಗಳನ್ನು ಸೇರುತ್ತಿದೆಯೆಂದೂ ಅನಂತರ ಗೊತ್ತಾಯಿತು. 2003ರಿಂದ ಆ ರಾಜ್ಯವು ಕಿತ್ತಳೆ ಜಾತಿಯ ಎಲ್ಲ ಸಸಿಗಳನ್ನು ಕೀಟ ನುಸುಳದ ಪರದೆಯ ಮನೆಯೊಳಗೇ ಬೆಳೆಸಬೇಕೆಂದು ಕಡ್ಡಾಯಗೊಳಿಸಿತು. ಜೊತೆಗೆ ರೋಗಿಷ್ಠ ಮರಗಳನ್ನು ತೆಗೆಯುವುದು, ಕೀಟ ನಿಯಂತ್ರಿಸುವುದು ನಡೆಯಿತು. ಹಳೆಯ ಮರಗಳು ತೀರಿ ಶುದ್ಧ ಸಸಿಗಳ ತೋಟಗಳು ಬರಲು ಕಾಲ ಹಿಡಿಯಿತು. 2012ರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮರಗಳಲ್ಲಿದ್ದ ರೋಗ, 2018ರ ವೇಳೆಗೆ ನೂರಕ್ಕೆ ಎರಡಕ್ಕಿಂತ ಕೆಳಗಿಳಿಯಿತು. ಸಸಿ ಹುಟ್ಟುವ ಜಾಗಕ್ಕೆ ನಿಯಮ ತಂದದ್ದು ಈ ಫಲಕ್ಕೆ ತಳಹದಿಯಾಯಿತು.

ಭಾರತದಲ್ಲಿಯೂ ಈ ದಿಕ್ಕಿನಲ್ಲಿ ಹೆಜ್ಜೆಗಳು ಬಿದ್ದಿವೆ. ದಾಳಿಂಬೆಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರವೊಂದು 2005ರಲ್ಲಿ ಸೊಲ್ಲಾಪುರದಲ್ಲಿ ಆರಂಭವಾಯಿತು. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯು ನರ್ಸರಿಗಳನ್ನು ಪರಿಶೀಲಿಸಿ ಮಾನ್ಯತೆ ನೀಡುತ್ತದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು 1,765.67 ಕೋಟಿ ರೂಪಾಯಿ ವೆಚ್ಚದ ‘ಕ್ಲೀನ್ ಪ್ಲಾಂಟ್’ ಕಾರ್ಯಕ್ರಮಕ್ಕೆ ಅನುಮೋದನೆ ನೀಡಿತು. ಹಣ್ಣಿನ ಬೆಳೆಗಳ ತಾಯಿಗಿಡಗಳನ್ನು ಪರೀಕ್ಷಿಸಿ ರೋಗಮುಕ್ತ ಮೂಲಸಾಮಗ್ರಿ ಒದಗಿಸುವ ಒಂಬತ್ತು ಕೇಂದ್ರಗಳು ಅದರಲ್ಲಿ ಸೇರಿವೆ. ಇವುಗಳ ಫಲ ಹಳ್ಳಿಯ ಹೊಲಕ್ಕೆ ತಲುಪಬೇಕಾದರೆ ಸಸಿ ಕೊಳ್ಳುವವರು ಅಂತಹ ಸಸಿಯನ್ನೇ ಕೇಳಿ ಪಡೆಯಬೇಕು.

7. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಮೇಲಿನ ವಿವರಣೆಯಿಂದ ಒಂದು ತತ್ವ ಸ್ಪಷ್ಟವಾಗುತ್ತದೆ. ಸಸಿಯನ್ನು ನೋಡುವುದಷ್ಟೇ ಸಾಲದು; ಸಸಿಯ ತಾಯಿಯನ್ನೂ ಅದು ಬಂದ ದಾರಿಯನ್ನೂ ನೋಡಬೇಕು. ಇಲಾಖೆಯ ಸಸ್ಯಕ್ಷೇತ್ರದಿಂದ ಪಡೆದರೂ ಖಾಸಗಿ ನರ್ಸರಿಯಿಂದ ಕೊಂಡರೂ ಈ ತತ್ವ ಒಂದೇ.

(ಅ) ಪೂರೈಕೆಗೆ ಮುನ್ನ

ಗ್ರಾಮ ಪಂಚಾಯಿತಿಯ ಉತ್ಪಾದನಾ ಸಮಿತಿಯು ತೋಟಗಾರಿಕೆ ಇಲಾಖೆಯ ಸಹಾಯಕ ತೋಟಗಾರಿಕೆ ಅಧಿಕಾರಿಯೊಂದಿಗೆ ನರ್ಸರಿಗೆ ಮತ್ತು ಸಾಧ್ಯವಾದಷ್ಟು ಮಟ್ಟಿಗೆ ತಾಯಿತೋಟಕ್ಕೆ ಭೇಟಿ ನೀಡಬೇಕು. ಭೇಟಿಗೆ ಸೂಕ್ತ ಕಾಲ ಮಳೆಗಾಲ; ಏಕೆಂದರೆ ರೋಗವಿದ್ದರೆ ತಾಯಿಗಿಡ ಆಗಲೇ ತೋರಿಸುತ್ತದೆ. ಬೇಸಿಗೆಯಲ್ಲಿ ರೋಗದ ತೋಟವೂ ಚೆನ್ನಾಗಿ ಕಾಣಬಹುದು. ಭೇಟಿಯಲ್ಲಿ ಕೆಳಕಂಡವನ್ನು ಗಮನಿಸಬೇಕು:

• ತಾಯಿಗಿಡಗಳ ಗೆಣ್ಣುಗಳಲ್ಲಿ ಕಪ್ಪು ಮಚ್ಚೆ ಅಥವಾ ಸೀಳಿದ ತೊಗಟೆ ಇದೆಯೇ?
• ತೋಟದ ನೆಲದಲ್ಲಿ ಬಿರಿದ, ಕಲೆಯಾದ ಹಣ್ಣುಗಳು ಬಿದ್ದಿವೆಯೇ?
• ಹಣ್ಣಿಗಾಗಿ ಬೆಳೆಸಿದ ತೋಟದಲ್ಲೇ ಗೂಟಿ ಕಟ್ಟಲಾಗಿದೆಯೇ, ಅಥವಾ ಸಸಿಗಾಗಿಯೇ ಪ್ರತ್ಯೇಕ ತಾಯಿಗಿಡಗಳಿವೆಯೇ?
• ಕತ್ತರಿ, ಚಾಕುಗಳನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಶುದ್ಧಗೊಳಿಸಲಾಗುತ್ತಿದೆಯೇ?
• ಸಸಿ ಚೀಲಗಳನ್ನು ರೋಗದ ತೋಟದ ಪಕ್ಕದಲ್ಲಿ, ಬಯಲಿನಲ್ಲಿ ಇರಿಸಲಾಗಿದೆಯೇ?

ಹಣ್ಣು ಮಾರಾಟವಾಗದ ತೋಟದಲ್ಲಿಯೂ ಗೂಟಿ ಮಾರಾಟವಾಗುತ್ತದೆ ಎಂಬುದನ್ನು ನೆನಪಿಡಬೇಕು. ಆದುದರಿಂದ ‘ಈ ತಾಯಿತೋಟದ ಹಣ್ಣು ಕಳೆದ ಸಾಲಿನಲ್ಲಿ ಎಲ್ಲಿ ಮಾರಾಟವಾಯಿತು?’ ಎಂಬ ಒಂದು ಪ್ರಶ್ನೆಯಿಂದ ಅನೇಕ ವಿಷಯಗಳು ತಿಳಿಯುತ್ತವೆ.

ಅಂಗಾಂಶ ಕೃಷಿಯ ಸಸಿಗಳು ಪರೀಕ್ಷಿತ ಮೂಲದಿಂದ ಬಂದಿದ್ದರೆ ಗೂಟಿ ಸಸಿಗಳಿಗಿಂತ ಸುರಕ್ಷಿತ. ಆದರೆ ಪ್ರಯೋಗಾಲಯದಿಂದ ಹೊರಬಂದ ಮೇಲೆ ರೋಗದ ತೋಟದ ಬದಿಯಲ್ಲಿ ಹದಗೊಳಿಸಿದರೆ ಅವಕ್ಕೂ ಸೋಂಕು ತಗುಲುತ್ತದೆ. ‘ಟಿಶ್ಯೂ ಕಲ್ಚರ್’ ಎಂಬ ಚೀಟಿಯನ್ನೇ ಪ್ರಮಾಣಪತ್ರವೆಂದು ಭಾವಿಸಬಾರದು.

(ಆ) ಪೂರೈಕೆಯ ದಿನ

ಪ್ರತಿ ತಾಯಿತೋಟದ ಸಸಿಗಳನ್ನು ಪ್ರತ್ಯೇಕವಾಗಿ ಇಳಿಸಿ, ಗುಂಪು ಸಂಖ್ಯೆಯ ಫಲಕ ಹಾಕಬೇಕು. ಯಾವುದೇ ಕಾರಣಕ್ಕೂ ಗುಂಪುಗಳನ್ನು ಕಲಸಬಾರದು. ಲಕ್ಷಣವಿರುವ ಒಂದು ಸಸಿ ಸಿಕ್ಕಿದರೂ ಆ ಒಂದನ್ನು ಮಾತ್ರ ಬದಿಗಿಟ್ಟು ಉಳಿದವನ್ನು ಸ್ವೀಕರಿಸಬಾರದು. ಆ ಇಡೀ ಗುಂಪನ್ನು ತಡೆಹಿಡಿದು ಇಲಾಖೆಯ ಅಭಿಪ್ರಾಯ ಪಡೆಯಬೇಕು. ಸಾಧ್ಯವಿದ್ದಲ್ಲಿ ಎಲ್ಲ ಗುಂಪುಗಳನ್ನೂ ಒಂದು ತಿಂಗಳು ನೆರಳುಪರದೆಯಡಿ ಬೇರೆಬೇರೆಯಾಗಿ ನಿಗಾದಲ್ಲಿರಿಸುವುದು ಒಳ್ಳೆಯದು. ನಿಗಾ ಅವಧಿ ಪೂರ್ಣ ಖಾತರಿ ಕೊಡದಿದ್ದರೂ, ಹೊರಬೀಳಲು ಸಿದ್ಧವಾಗಿರುವ ಸೋಂಕು ರೈತನ ಹೊಲದಲ್ಲಿ ಕಾಣುವ ಬದಲು ಅಲ್ಲಿಯೇ ಕಾಣಿಸಿಕೊಳ್ಳಬಹುದು.

(ಇ) ಪೂರೈಕೆಯ ನಂತರ

ಸಸಿ ವಿತರಣಾ ವಹಿಯಲ್ಲಿ ರೈತನ ಹೆಸರು, ಸರ್ವೆ ನಂಬರು, ಸಸಿಗಳ ಸಂಖ್ಯೆಯೊಂದಿಗೆ ಗುಂಪು ಸಂಖ್ಯೆಯನ್ನೂ ನಮೂದಿಸಬೇಕು. ಅದರ ಪ್ರತಿಯನ್ನು ರೈತನಿಗೆ ನೀಡಬೇಕು. ಮೊದಲ ಎರಡು ಮಳೆಗಾಲಗಳಲ್ಲಿ ಉತ್ಪಾದನಾ ಸಮಿತಿಯು ಪ್ರತಿ ತೋಟವನ್ನು ಕನಿಷ್ಠ ಒಮ್ಮೆ ನೋಡಿ, ‘ಜೀವಂತ’ ಎಂಬ ಕಾಲಮಿನ ಪಕ್ಕದಲ್ಲಿ ‘ಆರೋಗ್ಯ’ ಎಂಬ ಇನ್ನೊಂದು ಕಾಲಮನ್ನು ತುಂಬಬೇಕು.

8. ಸಭಾ ನಡಾವಳಿಯಲ್ಲಿ ದಾಖಲಿಸಬಹುದಾದ ಷರತ್ತುಗಳು

ದರಪಟ್ಟಿ ಆಹ್ವಾನಿಸುವ ಮುನ್ನ ಸಾಮಾನ್ಯ ಸಭೆಯಲ್ಲಿ ಕೆಳಕಂಡ ಷರತ್ತುಗಳನ್ನು ತಾಂತ್ರಿಕ ನಿಬಂಧನೆಗಳಾಗಿ ನಿರ್ಣಯಿಸಬಹುದು. ನಿಬಂಧನೆ ಮೊದಲೇ ಇದ್ದರೆ ಅದನ್ನು ಪೂರೈಸಿದವರ ನಡುವೆ ಮಾತ್ರ ದರದ ಹೋಲಿಕೆ ನಡೆಯುತ್ತದೆ. ಅನಂತರ ಸೇರಿಸಲು ಹೋದರೆ ಆಕ್ಷೇಪಣೆಗೆ ಎಡೆಯಾಗುತ್ತದೆ.

1. ಪೂರೈಕೆದಾರರು ಪ್ರತಿ ಗುಂಪಿನ ತಾಯಿತೋಟದ ಸ್ಥಳ, ಗೂಟಿ ಕಟ್ಟಿದ ತಿಂಗಳು ಮತ್ತು ಸಸಿಗಳ ಸಂಖ್ಯೆಯನ್ನು ಲಿಖಿತವಾಗಿ ನೀಡತಕ್ಕದ್ದು.
2. ನರ್ಸರಿಯು ಸಕ್ಷಮ ಪ್ರಾಧಿಕಾರದ ಮಾನ್ಯತೆ ಹೊಂದಿರತಕ್ಕದ್ದು.
3. ಗುಂಪುವಾರು ಮಾದರಿಗಳ ಪ್ರಯೋಗಾಲಯ ವರದಿಯನ್ನು, ಮಾದರಿಗಳ ಸಂಖ್ಯೆ ನಮೂದಿಸಿ, ಸಲ್ಲಿಸತಕ್ಕದ್ದು.
4. ಸಸಿಗಳನ್ನು ಗುಂಪುವಾರು ಪ್ರತ್ಯೇಕವಾಗಿ ಸಾಗಿಸಿ ಇಳಿಸತಕ್ಕದ್ದು.
5. ಲಕ್ಷಣ ಕಂಡುಬಂದ ಗುಂಪನ್ನು ಪೂರ್ತಿಯಾಗಿ ಹಿಂಪಡೆದು ಬದಲಿ ಸಸಿ ನೀಡತಕ್ಕದ್ದು. ನಿಗಾ ಅವಧಿ ಮುಗಿದ ನಂತರವೇ ಅಂತಿಮ ಹಣ ಪಾವತಿಸಲಾಗುವುದು.

ಪರೀಕ್ಷೆಯ ವಿಧಾನ ಮತ್ತು ಪ್ರಯೋಗಾಲಯದ ಆಯ್ಕೆಯ ಕುರಿತು ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸಲಹೆ ಪಡೆಯಬಹುದು.

9. ರೈತರಿಗೆ ತಿಳಿಸಬೇಕಾದ ಮಾತು

ಸಸಿ ವಿತರಣೆಯ ದಿನವೇ ರೈತರಿಗೆ ನಾಲ್ಕು ಮಾತು ಹೇಳುವುದು ಅವಶ್ಯ. ಮೊದಲ ಮಳೆಯ ನಂತರ ವಾರಕ್ಕೊಮ್ಮೆ ಎಲೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಸಂಶಯದ ಗಿಡ ಕಂಡರೆ ಅದನ್ನು ಮುಟ್ಟಿದ ಕೈಯಿಂದ, ಕತ್ತರಿಯಿಂದ ಬೇರೆ ಗಿಡ ಮುಟ್ಟಬಾರದು. ಕತ್ತರಿಸಿದ ರೋಗದ ಭಾಗಗಳನ್ನು ಬದುವಿನಲ್ಲಿ ಬಿಡದೆ, ಗೊಬ್ಬರದ ಗುಂಡಿಗೂ ಹಾಕದೆ ಸುಟ್ಟುಹಾಕಬೇಕು. ತನ್ನ ಗಿಡದಿಂದ ನೆಂಟರಿಗೆ, ನೆರೆಯವರಿಗೆ ಗೂಟಿ ಕಟ್ಟಿಕೊಡಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ರೋಗ ಕಂಡದ್ದನ್ನು ಮುಚ್ಚಿಡುವ ಅಗತ್ಯವಿಲ್ಲವೆಂಬ ಭರವಸೆ ರೈತನಿಗೆ ಇರಬೇಕು. ‘ಹೇಳಿದರೆ ಬಿಲ್ಲು ತಡೆಯುತ್ತಾರೆ, ಪಟ್ಟಿಯಿಂದ ಹೆಸರು ತೆಗೆಯುತ್ತಾರೆ’ ಎಂಬ ಭಯವಿದ್ದಲ್ಲಿ ರೋಗ ಮೌನವಾಗಿ ಹರಡುತ್ತದೆ. ಮೊದಲು ತಿಳಿಸಿದ ರೈತನನ್ನು ಸಭೆಯಲ್ಲಿ ಗೌರವದಿಂದ ಕಾಣುವುದು ಸದಸ್ಯರ ಹೊಣೆ. ಆತನ ಒಂದು ಮಾತಿನಿಂದ ಹದಿನೈದು ಹೊಲಗಳು ಉಳಿಯಬಹುದು.

10. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ಕಳೆದ ಮೂರು ವರ್ಷಗಳಲ್ಲಿ ನಮ್ಮ ಪಂಚಾಯಿತಿ ವಿತರಿಸಿದ ಹಣ್ಣಿನ ಸಸಿಗಳ ತಾಯಿತೋಟ ಯಾವುದೆಂದು ದಾಖಲೆಗಳಿಂದ ತಿಳಿಯುತ್ತದೆಯೇ?
2. ಸಸಿ ಸ್ವೀಕರಿಸಿದ ದಿನ ಯಾರು ಪರಿಶೀಲಿಸಿದರು? ಏನನ್ನು ಪರಿಶೀಲಿಸಿದರು?
3. ಬದುಕುಳಿದ ಸಸಿಗಳೆಂದು ಎಣಿಸಿದವುಗಳಲ್ಲಿ ಫಸಲು ಕೊಟ್ಟವು ಎಷ್ಟು?
4. ಈಗ ರೋಗವಿರುವ ತೋಟಗಳು ವ್ಯಾಪ್ತಿಯಲ್ಲಿ ಎಲ್ಲೆಲ್ಲಿವೆ? ಅವುಗಳಿಂದ ಗೂಟಿ ಮಾರಾಟವಾಗುತ್ತಿದೆಯೇ?
5. ಮುಂದಿನ ಕ್ರಿಯಾಯೋಜನೆಯಲ್ಲಿ ಸಸಿ ಪರೀಕ್ಷೆಯ ವೆಚ್ಚವನ್ನು ಯಾವ ಮೂಲದಿಂದ ಭರಿಸಬಹುದು?

ಉಪಸಂಹಾರ

ರಸ್ತೆ, ಚರಂಡಿ, ಕಟ್ಟಡಗಳ ಕಾಮಗಾರಿಯಲ್ಲಿ ಸಿಮೆಂಟು, ಕಬ್ಬಿಣಗಳ ಗುಣಮಟ್ಟವನ್ನು ಪರೀಕ್ಷಿಸದೆ ಬಿಲ್ಲು ಪಾವತಿಸಬಾರದೆಂಬುದು ಎಲ್ಲ ಸದಸ್ಯರಿಗೂ ತಿಳಿದ ವಿಷಯ. ಕಾಂಕ್ರೀಟು ಸುರಿದ ಮೇಲೆ ಒಳಗಿನ ದೋಷ ಕಾಣದು. ಆದ್ದರಿಂದಲೇ ಸುರಿಯುವ ದಿನವೇ ಅದರ ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸಲಾಗುತ್ತದೆ. ಸಸಿಯ ವಿಷಯವೂ ಅದೇ. ನೆಟ್ಟ ಮೇಲೆ ಪರೀಕ್ಷಿಸಿ ಪ್ರಯೋಜನ ಕಡಿಮೆ. ರಸ್ತೆ ಕೆಟ್ಟರೆ ಮುಂದಿನ ಸಾಲಿನ ಅನುದಾನದಲ್ಲಿ ದುರಸ್ತಿ ಮಾಡಬಹುದು. ಕೆಟ್ಟ ಸಸಿಯನ್ನು ನೆಟ್ಟು ಕಾದ ರೈತನ ಮೂರು ವರ್ಷಗಳನ್ನು ಯಾವ ಅನುದಾನವೂ ಹಿಂದಿರುಗಿಸುವುದಿಲ್ಲ. ಮುಂಬರುವ ಮುಂಗಾರಿನ ಸಸಿ ಪೂರೈಕೆಯ ಕಡತವು ಸಭೆಯ ಮುಂದೆ ಬರುವ ಮುನ್ನ, ಎಲ್ಲ ಗ್ರಾಮ ಪಂಚಾಯಿತಿಗಳ ಉತ್ಪಾದನಾ ಸಮಿತಿಗಳು ಈ ಪಾಠವನ್ನು ಓದಿ ಚರ್ಚಿಸುವುದು ಅಪೇಕ್ಷಣೀಯ.